ವೇಟ್‌ಲಿಸ್ಟಿನಿಂದ ಬಂದ ಸೀಟು, ಒಂದು ವರ್ಷ ಮುಂದಕ್ಕೆ: ಅಮೆರಿಕದ ಲಾ ಸ್ಕೂಲ್ ಪ್ರವೇಶದ ಒಂದು ಪ್ರಕರಣ ಅಧ್ಯಯನ

ಜುಲೈ 8, 2025, ಮಂಗಳವಾರ. ಮೈಸೂರಿನಲ್ಲಿ ರಾತ್ರಿ 9 ಗಂಟೆ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 11.30. ಫೆಬ್ರವರಿಯಿಂದ ವೇಟ್‌ಲಿಸ್ಟಿನಲ್ಲಿ ಕೂರಿಸಿದ್ದ ಲಾ ಸ್ಕೂಲಿನ ಪ್ರವೇಶ ಕಚೇರಿಯಿಂದ ಫೋನು ಬಂತು. ಸೀಟು ಇದೆ, 72 ಗಂಟೆಯೊಳಗೆ ಬರುತ್ತೀರೋ ಇಲ್ಲವೋ ತಿಳಿಸಿ, ಓರಿಯೆಂಟೇಶನ್ ಆಗಸ್ಟ್ 18ಕ್ಕೆ. ಸ್ಕಾಲರ್‌ಶಿಪ್ಪಿನ ಮಾತೇ ಬರಲಿಲ್ಲ. ಫೋನು ಇಡುವಾಗ ಅಭ್ಯರ್ಥಿಯ ಕೈಲಿ ಉಳಿದಿದ್ದದ್ದು 41 ದಿನ. ಅಷ್ಟರೊಳಗೆ ಹೊಸ ಬ್ಯಾಂಕ್ ಸಾಲ, ಹೊಸ ಐ-20 (ವೀಸಾಕ್ಕೆ ಬೇಕಾದ, ಸ್ಕೂಲು ಕೊಡುವ ಪ್ರವೇಶ ಪತ್ರ), ಹೊಸ ವೀಸಾ ಅರ್ಜಿ ಎಲ್ಲ ಮುಗಿಯಬೇಕು. ಸೀಟು ಬೇಕು, ಈ ವರ್ಷ ಹೋಗಲು ದಾರಿಯಿಲ್ಲ. ಮುಂದಿನ ವರ್ಷಕ್ಕೆ ಮುಂದೂಡಿ ಎಂದು ಕೇಳಬಹುದೇ? ಕೇಳುವುದಾದರೆ ಯಾವಾಗ, ಯಾವ ಮಾತಿನಲ್ಲಿ, ಏನನ್ನು ಒತ್ತೆಯಿಟ್ಟು?

ಇಲ್ಲಿನ ಅಭ್ಯರ್ಥಿಯನ್ನೂ ಎರಡು ಸ್ಕೂಲುಗಳನ್ನೂ ಅವುಗಳ ಫೀಸಿನ ಅಂಕಿಗಳನ್ನೂ ಮಾದರಿಗಾಗಿ ಕಟ್ಟಿಕೊಂಡಿದ್ದೇವೆ. ಆ ಬೇಸಿಗೆಯ ವೀಸಾ ಪರಿಸ್ಥಿತಿ, ಸರ್ಕಾರಿ ಶುಲ್ಕ, ನಿಯಮ, ದಿನಾಂಕಗಳು ಇದ್ದದ್ದು ಇದ್ದ ಹಾಗೆ. ಬೆಂಗಳೂರಿನಲ್ಲಿ ಲಾ ಸ್ಕೂಲ್ ಎಂದರೆ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ; ಈ ಬರಹದಲ್ಲಿ ಮಾತ್ರ ಆ ಹೆಸರು ಅಮೆರಿಕದ ಮೂರು ವರ್ಷದ ಜೆಡಿ ಎಂಬ ಕಾನೂನು ಪದವಿ ಕೊಡುವ ಸಂಸ್ಥೆಗಳಿಗೆ.

ಅಭ್ಯರ್ಥಿಗೆ 26 ವರ್ಷ. ವಿಟಿಯು ಕಾಲೇಜೊಂದರಿಂದ ಎಲೆಕ್ಟ್ರಾನಿಕ್ಸ್ ಬಿಇ, ಬೆಂಗಳೂರಿನಲ್ಲಿ ಮೂರೂವರೆ ವರ್ಷ ಪೇಟೆಂಟ್ ಬರಹದ ಕೆಲಸ. ಲಾ ಸ್ಕೂಲ್ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನಲ್ಲಿ 171, ಪರೀಕ್ಷೆಯ ಅಳತೆ 120ರಿಂದ 180. ಕೈಲಿ ಆಗಲೇ ಒಂದು ಸೀಟಿತ್ತು. ವರ್ಷದ ಫೀಸು 62,000 ಡಾಲರ್, ಅದರಲ್ಲಿ 35,000 ಸ್ಕಾಲರ್‌ಶಿಪ್. ಏಪ್ರಿಲ್‌ನಲ್ಲಿ 500, ಜೂನ್‌ನಲ್ಲಿ ಮತ್ತೆ 500 ಡಾಲರ್ ಡಿಪಾಸಿಟ್ ಕಟ್ಟಿ, ಐ-20 ಪಡೆದು, ಚೆನ್ನೈನಲ್ಲಿ ಜುಲೈ 21ಕ್ಕೆ ವೀಸಾ ಸಂದರ್ಶನದ ಸ್ಲಾಟನ್ನೂ ಹಿಡಿದಾಗಿತ್ತು. ಇದನ್ನು ಕೈಲಿದ್ದ ಸ್ಕೂಲು ಎನ್ನೋಣ, ಫೋನು ಮಾಡಿದ್ದನ್ನು ಕಾಯಿಸಿದ ಸ್ಕೂಲು.

ಪಟ್ಟಿಯಲ್ಲಿ ಸಾಲಿಲ್ಲ

ನಮ್ಮ ಕಡೆಯವರು ಎಡವುವುದು ಮೊದಲು ಇಲ್ಲಿ. ಸಿಇಟಿ ಅಥವಾ ಕ್ಲ್ಯಾಟ್ ಕೌನ್ಸೆಲಿಂಗ್ ನೋಡಿ ಬೆಳೆದವರಿಗೆ ಪಟ್ಟಿ ಎಂದರೆ ರ‍್ಯಾಂಕ್. ಮುಂದಿನವರು ಬಿಟ್ಟರೆ ಹಿಂದಿನವರಿಗೆ ತಾನಾಗಿ ಸಿಗುತ್ತದೆ, ಸಿಕ್ಕಿದ ಸೀಟು ಅರ್ಹತೆಯಿಂದ ಬಂದದ್ದು, ಅದರ ಮೇಲೆ ನನ್ನ ಹಕ್ಕಿದೆ ಎಂಬ ಭಾವನೆ. ಅಮೆರಿಕದ ಲಾ ಸ್ಕೂಲುಗಳ ವೇಟ್‌ಲಿಸ್ಟಿಗೆ ಸಾಮಾನ್ಯವಾಗಿ ಕ್ರಮಸಂಖ್ಯೆಯೇ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳ ಡಿಪಾಸಿಟ್ ಗಡುವು ಮುಗಿದ ಮೇಲೆ ಕಚೇರಿಯವರು ಬಂದವರನ್ನು ಎಣಿಸುತ್ತಾರೆ. ಜೂನ್, ಜುಲೈನಲ್ಲಿ ಒಬ್ಬೊಬ್ಬರೇ ಬೇರೆ ಕಡೆ ಜಾರಿದಾಗ ಎಲ್ಲಿ ಎಂಥವರು ಕಡಿಮೆಯಾದರು ಎಂದು ನೋಡಿ, ಆ ಜಾಗಕ್ಕೆ ಹೊಂದುವವರನ್ನು ಪಟ್ಟಿಯಿಂದ ಎತ್ತಿಕೊಳ್ಳುತ್ತಾರೆ. ಇದು ಓರಿಯೆಂಟೇಶನ್ ದಿನದವರೆಗೂ ನಡೆಯುವುದುಂಟು.

ಈ ಅಭ್ಯರ್ಥಿಯನ್ನೇ ಎತ್ತಿಕೊಂಡದ್ದಕ್ಕೂ ಲೆಕ್ಕಾಚಾರವಿದೆ. ಭಾರತದ ಅಂಕಪಟ್ಟಿಯನ್ನು ಎಲ್‌ಸ್ಯಾಟ್ ನಡೆಸುವ ಎಲ್‌ಸ್ಯಾಕ್ ಸಂಸ್ಥೆ 4.0 ಅಳತೆಯ ಜಿಪಿಎಗೆ ಪರಿವರ್ತಿಸುವುದಿಲ್ಲ. ಅತ್ಯುತ್ತಮ, ಸರಾಸರಿಗಿಂತ ಮೇಲು, ಸರಾಸರಿ ಎಂಬಂಥ ಪದಗಳಲ್ಲಿ ದರ್ಜೆ ಕೊಡುತ್ತದೆ. ಹಾಗಾಗಿ ಸ್ಕೂಲು ಪ್ರತಿ ವರ್ಷ ಪ್ರಕಟಿಸುವ ಜಿಪಿಎ ಮಧ್ಯಾಂಕದಲ್ಲಿ ವಿಟಿಯು ಅಂಕಗಳು ಸೇರುವುದೇ ಇಲ್ಲ, ಎಲ್‌ಸ್ಯಾಟ್ ಮಾತ್ರ ಸೇರುತ್ತದೆ. ಮಧ್ಯಾಂಕ 170 ಇರುವ ಸ್ಕೂಲಿಗೆ ಜುಲೈ ತಿಂಗಳಲ್ಲಿ ಇಬ್ಬರು ಮೂವರು 172ರವರು ಬಿಟ್ಟುಹೋದರೆ, 171 ಇರುವ ಈಕೆ ಸರಿಯಾಗಿ ಆ ಜಾಗದಲ್ಲಿ ಕೂರುತ್ತಾಳೆ.

ಇದನ್ನು ಅರ್ಥ ಮಾಡಿಕೊಂಡರೆ ಮುಂದೂಡಿಕೆ ಯಾಕೆ ಕಷ್ಟ ಎಂಬುದು ತಾನಾಗಿ ತಿಳಿಯುತ್ತದೆ. ಡಿಸೆಂಬರ್‌ನಲ್ಲಿ ನೇರ ಪ್ರವೇಶ ಸಿಕ್ಕಿದವರು ಮೇ ತಿಂಗಳಲ್ಲಿ ಡೆಫರ್ (ಮುಂದೂಡಿಕೆ) ಕೇಳಿದರೆ ಆ ಜಾಗ ತುಂಬಲು ಸ್ಕೂಲಿಗೆ ಇಡೀ ಬೇಸಿಗೆ ಇದೆ. ವೇಟ್‌ಲಿಸ್ಟಿನವರನ್ನು ಕರೆಯುವುದೇ ಖಾಲಿ ಕುರ್ಚಿ ತುಂಬಲು. ಕರೆಸಿಕೊಂಡವರು ಮುಂದಿನ ವರ್ಷ ಬರುತ್ತೇನೆ ಎಂದರೆ ಈ ವರ್ಷದ ಕುರ್ಚಿ ಖಾಲಿಯೇ ಉಳಿಯಿತು, ಮುಂದಿನ ವರ್ಷದ್ದು ಒಂದು ಮುಂಗಡವಾಗಿ ಹೋಯಿತು. ವಿದ್ಯಾರ್ಥಿ ಯಾವ ವರ್ಷ ಬಂದು ಕೂರುತ್ತಾರೋ ಅಂಕವೂ ಆ ವರ್ಷಕ್ಕೇ ಲೆಕ್ಕ. ಅಮೆರಿಕನ್ ಬಾರ್ ಅಸೋಸಿಯೇಶನ್‌ಗೆ ಕೊಡುವ ವರದಿಯಲ್ಲಿ ಎಣಿಕೆ ಅಕ್ಟೋಬರ್ 5ರ ಸ್ಥಿತಿಗೆ. 2025ರ ತರಗತಿಗೆ 171 ಬೇಕು ಎಂದು ಕರೆದವರಿಗೆ ಅದು 2026ರಲ್ಲಿ ಸಿಕ್ಕರೆ ಈ ವರ್ಷದ ಕೊರತೆ ಹಾಗೇ ಉಳಿಯುತ್ತದೆ. ಜೊತೆಗೆ 2024–25ರ ಋತುವಿನಲ್ಲಿ ಅರ್ಜಿದಾರರ ಸಂಖ್ಯೆ ಸುಮಾರು ಶೇ 18 ಏರಿತ್ತು, ಮುಂದಿನ ವರ್ಷದ ಸೀಟನ್ನು ಈಗಲೇ ಕೊಟ್ಟುಬಿಡುವ ದರ್ದು ಯಾವ ಸ್ಕೂಲಿಗೂ ಇರಲಿಲ್ಲ. ವೇಟ್‌ಲಿಸ್ಟಿನಿಂದ ಬಂದವರಿಗೆ ಡೆಫರಲ್ ಇಲ್ಲ ಎಂದು ಹಲವು ಸ್ಕೂಲುಗಳು ನೇರವಾಗಿ ಬರೆದಿರುವುದಕ್ಕೆ ಕಾರಣ ಇದು.

ಹಾಗಾದರೆ ಯಾವ ಕಾರಣ ನಿಲ್ಲುತ್ತದೆ? ಅಭ್ಯರ್ಥಿಯ ಕೈಮೀರಿದ್ದು, ವೇಟ್‌ಲಿಸ್ಟಿಗೆ ಒಪ್ಪಿಕೊಂಡ ನಂತರ ಹುಟ್ಟಿದ್ದು, ಕಾಗದದಲ್ಲಿ ತೋರಿಸಬಹುದಾದದ್ದು. ಈ ಮೂರೂ ಕೂಡಬೇಕು, ಒಂದು ತಪ್ಪಿದರೂ ಮನವಿ ಬಿದ್ದುಹೋಗುತ್ತದೆ. ಇನ್ನೊಂದು ವರ್ಷ ಕೆಲಸ ಮಾಡಿ ಹಣ ಕೂಡಿಸುತ್ತೇನೆ, ಎಲ್‌ಸ್ಯಾಟ್ ಮತ್ತೆ ಬರೆದು ಸ್ಕಾಲರ್‌ಶಿಪ್ ಕೇಳುತ್ತೇನೆ, ಮನೆಯಲ್ಲಿ ಮದುವೆ ಇದೆ ಎಂಬ ಕಾರಣಗಳು ಎಷ್ಟೇ ನಿಜವಾಗಿದ್ದರೂ ಸ್ಕೂಲಿನ ಕಣ್ಣಿಗೆ ಅವು ಅಭ್ಯರ್ಥಿಯ ಆಯ್ಕೆಗಳು.

72 ಗಂಟೆ

ಈಕೆಯ ಕಾರಣ ಮೂರೂ ಅಳತೆಗೆ ಕೂರುತ್ತಿತ್ತು, ಆದರೆ ಅದನ್ನು ಬಿಡಿಸಿ ಹೇಳಬೇಕಿತ್ತು. ಮೇ 12ರಂದು ಕಾಯಿಸಿದ ಸ್ಕೂಲಿಗೆ ಆಸಕ್ತಿ ಪತ್ರ ಬರೆದು, ಕರೆದರೆ ಈ ಆಗಸ್ಟ್‌ನಲ್ಲೇ ಬರುತ್ತೇನೆ ಎಂದಿದ್ದಳು. ಮೇ 27ರಂದು ಅಮೆರಿಕದ ವಿದೇಶಾಂಗ ಇಲಾಖೆ ಎಲ್ಲ ದೇಶಗಳಲ್ಲೂ ಎಫ್-1 ಸೇರಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನ ಸ್ಲಾಟುಗಳನ್ನು ನಿಲ್ಲಿಸಿತು. ಜೂನ್ 18ರಂದು ಮತ್ತೆ ತೆರೆಯುವ ಆದೇಶ ಬಂದಾಗ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ಇಟ್ಟು ಪರಿಶೀಲನೆಗೆ ಒಡ್ಡಬೇಕೆಂಬ ಷರತ್ತು ಸೇರಿತು, ಸ್ಲಾಟುಗಳು ವಿರಳವಾದವು. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಗಿತ್ತಾದರೂ ವೀಸಾ ಸೇವೆ ಆಗ ಅಲ್ಲಿ ಆರಂಭವಾಗಿರಲಿಲ್ಲ. ಕರ್ನಾಟಕದವರು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು. ಅಂದರೆ ತೊಡಕು ಹುಟ್ಟಿದ್ದು ಆಸಕ್ತಿ ಪತ್ರಕ್ಕಿಂತ 15 ದಿನ ತಡವಾಗಿ. ಈ ಎರಡು ದಿನಾಂಕಗಳೇ ಮನವಿಯ ಬೆನ್ನೆಲುಬು.

ಜುಲೈ 21ರ ಸ್ಲಾಟು ಇತ್ತಲ್ಲ, ಅದನ್ನೇ ಬಳಸಬಹುದಿತ್ತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಸ್ಲಾಟಿಗೆ ಕಾಯಿಸಿದ ಸ್ಕೂಲಿನ ಐ-20 ಬೇಕು. ಐ-20 ಕೊಡಲು ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣ ತೋರಿಸಬೇಕು. ಇಲ್ಲಿ ಫೀಸು 74,000, ವಸತಿ, ಊಟ, ವಿಮೆ ಸೇರಿ ಇನ್ನೊಂದು 34,000, ಒಟ್ಟು 1,08,000 ಡಾಲರ್. ಆಗಿನ ಸುಮಾರು 86 ರೂಪಾಯಿ ದರದಲ್ಲಿ 93 ಲಕ್ಷ. ಕೈಲಿದ್ದ ಬ್ಯಾಂಕ್ ಮಂಜೂರಾತಿ 75 ಲಕ್ಷದ್ದು, ಅದೂ ಕೈಲಿದ್ದ ಸ್ಕೂಲಿನ ಹೆಸರಿಗೆ.

ಬುಧವಾರ ಬೆಳಿಗ್ಗೆ ಬ್ಯಾಂಕ್ ಶಾಖೆಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ಸರ್, ಸ್ಯಾಂಕ್ಷನ್ ಲೆಟರ್‌ನಲ್ಲಿ ಕಾಲೇಜಿನ ಹೆಸರು ಬದಲಾಯಿಸಿ ಕೊಡ್ತೀರಾ?"

"ಹೆಸರು ಬದಲಾದ್ರೆ ಫೈಲೇ ಹೊಸದಮ್ಮಾ. ಅಮೌಂಟೂ ಜಾಸ್ತಿ ಕೇಳ್ತಿದೀರಿ. ಸೈಟಿನ ವ್ಯಾಲ್ಯುಯೇಶನ್ ಮತ್ತೆ ಆಗ್ಬೇಕು, ಇಸಿ ಇವತ್ತಿನವರೆಗೂ ಬೇಕು, ಲಾಯರ್ ಒಪಿನಿಯನ್ ಬೇಕು. ಹನ್ನೆರಡು ವರ್ಕಿಂಗ್ ಡೇಸ್ ಅಂತ ಇಟ್ಕೊಳ್ಳಿ."

12 ಕೆಲಸದ ದಿನ ಎಂದರೆ ಜುಲೈ 25. ಅದಾದ ಮೇಲೆ ಸ್ಕೂಲು ಐ-20 ಬರೆಯಲು ಇನ್ನೂ ನಾಲ್ಕೈದು ದಿನ. ಜುಲೈ 21 ತಪ್ಪಿತು. ಬ್ಯಾಂಕಿನವರಿಂದ ಈ ದಿನಗಳ ಲೆಕ್ಕವನ್ನು ಒಂದು ಇಮೇಲಿನಲ್ಲಿ ಬರೆಸಿಕೊಳ್ಳುವುದು ಬಹಳ ಮುಖ್ಯ. ಮುಂದೆ ಪುರಾವೆ ಅಂತ ನಿಲ್ಲುವುದು ಅದೇ. ಸಾಲಕ್ಕೆ ಕಾಯದೆ ತಂದೆಯ ಎಫ್‌ಡಿ, ಉಳಿತಾಯ ಖಾತೆ ತೋರಿಸಿ ಐ-20 ಬೇಗ ಪಡೆಯುವ ದಾರಿಯೂ ಇದೆ, ಆದರೆ ತಕ್ಷಣ ನಗದಾಗುವ ಹಣವೇ ಆಗಬೇಕು. ಸೈಟಿನ ಬೆಲೆಯನ್ನೋ ಚಿನ್ನವನ್ನೋ ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಮನೆಯಲ್ಲಿ 93 ಲಕ್ಷ ನಗದು ಇರಲಿಲ್ಲ.

ಇಲ್ಲೊಂದು ಅಪಾಯಕಾರಿ ಸಲಹೆ ಖಂಡಿತ ಯಾರಾದರೂ ಕೊಡುತ್ತಾರೆ: ಕೈಲಿದ್ದ ಸ್ಕೂಲಿನ ಐ-20 ಹಿಡಿದು ಜುಲೈ 21ಕ್ಕೆ ವೀಸಾ ಹಾಕಿಸಿಕೋ, ಆಮೇಲೆ ಸ್ಕೂಲು ಬದಲಾಯಿಸು. ಬೇರೆ ಕಡೆ ಹೋಗುವುದೆಂದು ತೀರ್ಮಾನಿಸಿದ ಮೇಲೆ ಈ ಸ್ಕೂಲಿಗೆ ಹೋಗುತ್ತೇನೆ ಎಂದು ಅಧಿಕಾರಿಯ ಮುಂದೆ ಹೇಳುವುದು ಸುಳ್ಳು ಹೇಳಿಕೆಯಾಗುತ್ತದೆ, ಅದರ ಕಲೆ ಮುಂದಿನ ಪ್ರತಿ ವೀಸಾ ಅರ್ಜಿಗೂ ಅಂಟುತ್ತದೆ. ಅಲ್ಲದೆ ವೀಸಾದ ಮೇಲೆ ಸ್ಕೂಲಿನ ಹೆಸರಿದ್ದರೆ ಮೊದಲ ಸಲ ದೇಶದೊಳಗೆ ಕಾಲಿಡುವುದು ಆ ಸ್ಕೂಲಿಗಾಗಿಯೇ ಆಗಬೇಕು. ವಕೀಲಿಕೆಗೆ ಸೇರುವಾಗ ನಡತೆಯ ತಪಾಸಣೆ ನಡೆಯುವ ವೃತ್ತಿಯಿದು. ಈ ದಾರಿ ಹಿಡಿಯಲೇಬಾರದು.

ಹಣದ ಲೆಕ್ಕವನ್ನು ಡೆಫರಲ್ ಲೆಕ್ಕಕ್ಕಿಂತ ಮೊದಲು ಮಾಡಬೇಕು. ಕೈಲಿದ್ದ ಸ್ಕೂಲಿನಲ್ಲಿ ಫೀಸಿಗೆ ಕೈಯಿಂದ ವರ್ಷಕ್ಕೆ 27,000; ಕಾಯಿಸಿದ ಸ್ಕೂಲಿನಲ್ಲಿ 74,000. ವ್ಯತ್ಯಾಸ ವರ್ಷಕ್ಕೆ 47,000, ಮೂರು ವರ್ಷಕ್ಕೆ 1,41,000 ಡಾಲರ್, ಅಂದರೆ ಸುಮಾರು 1.21 ಕೋಟಿ ರೂಪಾಯಿ. ಫೀಸು ವರ್ಷ ವರ್ಷ ಏರುವುದನ್ನು ಇದರಲ್ಲಿ ಸೇರಿಸಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಮೊದಲ ವರ್ಷದ ವಕೀಲರ ಸಂಬಳ 2,25,000 ಡಾಲರ್ ಇದೆ, ಎಂಜಿನಿಯರಿಂಗ್ ಓದಿದವರು ಪೇಟೆಂಟ್ ವಿಭಾಗಕ್ಕೆ ಬೇಕಾಗುತ್ತಾರೆ, ಅಲ್ಲಿಗೆ ಏರಲು ಕಾಯಿಸಿದ ಸ್ಕೂಲಿನ ಮೆಟ್ಟಿಲು ಗಟ್ಟಿ ಎಂಬುದು ಈಕೆಯ ವಾದ. ವಾದ ಸರಿಯಾದದ್ದೇ. ಆದರೂ ನಮ್ಮ ಅನಿಸಿಕೆ ಹೇಳಬೇಕೆಂದರೆ, ಜೆಡಿ ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಒಪಿಟಿ, ಅಂದರೆ ಓದಿನ ನಂತರ ಅಲ್ಲಿ ಕೆಲಸ ಮಾಡುವ ಅನುಮತಿ, ಸಿಗುವುದು 12 ತಿಂಗಳು ಮಾತ್ರ, ತಾಂತ್ರಿಕ ಪದವಿಯವರಿಗೆ ಸಿಗುವ 24 ತಿಂಗಳ ವಿಸ್ತರಣೆ ಇದಕ್ಕಿಲ್ಲ. ಎಚ್-1ಬಿ ಎಂಬ ಕೆಲಸದ ವೀಸಾದ ಒಂದೇ ಸಲದ ಲಾಟರಿಯ ಮೇಲೆ 1.21 ಕೋಟಿ ಹೆಚ್ಚುವರಿ ಸಾಲ ನಿಲ್ಲಿಸುವುದು ಎಲ್ಲ ಮನೆಗಳಿಗೂ ಆಗುವ ಮಾತಲ್ಲ. ಈ ಪ್ರಕರಣದಲ್ಲಿ ಮನೆಯವರು ಕೂತು ಲೆಕ್ಕ ಹಾಕಿ ಒಪ್ಪಿದರು. ಲೆಕ್ಕ ಹಾಕದೆ, ದೊಡ್ಡ ಹೆಸರು ಸಿಕ್ಕಿತೆಂಬ ಸಂಭ್ರಮದಲ್ಲಿ ಕೈಲಿದ್ದದ್ದನ್ನು ಬಿಡುವವರ ಬಗ್ಗೆ ನಮಗೆ ನಿಜಕ್ಕೂ ಕಳವಳವಿದೆ.

ಕೇಳುವ ಕ್ರಮ

ಮೂರು ದಾರಿಗಳಿದ್ದವು. ಮೊದಲು ಹೌದು ಎಂದು ಡಿಪಾಸಿಟ್ ಕಟ್ಟಿ ಆಗಸ್ಟ್‌ನಲ್ಲಿ ಡೆಫರ್ ಕೇಳುವುದು ಒಂದು. ಇದು ಸುಲಭ ಅನಿಸಿದರೂ ಕೆಟ್ಟದ್ದು: ಜುಲೈನಲ್ಲೇ ಬರಲಾಗದೆಂದು ಗೊತ್ತಿದ್ದೂ ಮುಚ್ಚಿಟ್ಟಿರಿ ಎಂದು ಸ್ಕೂಲು ಹೇಳಬಹುದು, ಅಷ್ಟರಲ್ಲಿ ಕೈಲಿದ್ದ ಸೀಟೂ ಹೋಗಿರುತ್ತದೆ. ಎರಡನೆಯದು, ಡೆಫರ್ ಕೊಟ್ಟರೆ ಮಾತ್ರ ಬರುತ್ತೇನೆ ಎಂದು ಷರತ್ತು ಹಾಕುವುದು. ಕಚೇರಿಯವರು ಫೋನಿಟ್ಟು ಪಟ್ಟಿಯ ಇನ್ನೊಂದು ಹೆಸರಿಗೆ ಕರೆ ಮಾಡುತ್ತಾರೆ. ಮೂರನೆಯದು ಈಕೆ ಹಿಡಿದದ್ದು. 72 ಗಂಟೆಯೊಳಗೆ, ಉತ್ತರ ಕೊಡುವ ಮೊದಲೇ, ಪರಿಸ್ಥಿತಿಯನ್ನು ಬಿಚ್ಚಿಟ್ಟು, ಈ ವರ್ಷವೇ ಬರಲು ಪ್ರಯತ್ನಿಸುತ್ತೇನೆ, ಆಗದಿದ್ದರೆ ಮುಂದೂಡಿ ಎಂದು ಕೇಳುವುದು.

ಬುಧವಾರ ರಾತ್ರಿ 7.30ಕ್ಕೆ, ಅಂದರೆ ಅಲ್ಲಿ ಬೆಳಿಗ್ಗೆ 10ಕ್ಕೆ, ಮೊದಲು ಫೋನು, ಅದಾದ ಅರ್ಧ ಗಂಟೆಯಲ್ಲಿ ಇಮೇಲು. ಇಮೇಲಿನ ಸಾರ:

"ಪ್ರವೇಶಕ್ಕೆ ಕೃತಜ್ಞತೆ. ನಿಮ್ಮ ಸ್ಕೂಲಿಗೇ ಬರಬೇಕೆಂಬ ನನ್ನ ಮೇ 12ರ ಮಾತು ಹಾಗೆಯೇ ಇದೆ. ಮೇ 27ರ ನಂತರ ವೀಸಾ ಸ್ಲಾಟುಗಳು ನಿಂತವು. ಇವತ್ತು ಚೆನ್ನೈ ಮತ್ತು ಹೈದರಾಬಾದಿನಲ್ಲಿ ಆಗಸ್ಟ್ 18ಕ್ಕೆ ಮುಂಚೆ ಎಫ್-1 ಸ್ಲಾಟು ಕಾಣುತ್ತಿಲ್ಲ, ಚಿತ್ರ ಲಗತ್ತಿಸಿದೆ. ಇನ್ನೊಂದು ಸ್ಕೂಲಿನ ಐ-20 ಮೇಲೆ ನನಗೆ ಜುಲೈ 21ರ ಸ್ಲಾಟು ಇದೆ, ನಿಮ್ಮ ಐ-20 ಅಷ್ಟರೊಳಗೆ ಸಿಗುವಂತಿಲ್ಲ. ಬ್ಯಾಂಕಿನ ಪತ್ರ ಲಗತ್ತಿಸಿದೆ. ಈ ವರ್ಷವೇ ಬರಲು ಎಲ್ಲ ಪ್ರಯತ್ನ ಮಾಡುತ್ತೇನೆ. ಆಗಸ್ಟ್ ಮೊದಲ ವಾರದೊಳಗೆ ವೀಸಾ ಆಗದಿದ್ದರೆ 2026ರ ತರಗತಿಗೆ ಒಂದು ವರ್ಷದ ಮುಂದೂಡಿಕೆ ಕೊಡಲು ಸಾಧ್ಯವೇ? ಕೊಟ್ಟರೆ ಬೇರೆ ಎಲ್ಲ ಸೀಟು ಬಿಟ್ಟು, ಬೇರೆಲ್ಲೂ ಅರ್ಜಿ ಹಾಕುವುದಿಲ್ಲವೆಂದು ಬರೆದುಕೊಡುತ್ತೇನೆ. ನಿಮ್ಮ ತೀರ್ಮಾನ ಬರುವವರೆಗೆ ಉತ್ತರದ ಗಡುವನ್ನು ವಿಸ್ತರಿಸಲು ಕೋರುತ್ತೇನೆ."

ಇದರಲ್ಲಿ ಎರಡು ಸಂಗತಿ ಗಮನಿಸಿ. ಜುಲೈ 21ರ ಸ್ಲಾಟನ್ನು ಮುಚ್ಚಿಡಲಿಲ್ಲ; ಮುಚ್ಚಿಟ್ಟಿದ್ದು ಆಮೇಲೆ ಹೊರಬಿದ್ದರೆ ಇಡೀ ಮನವಿ ಅನುಮಾನಕ್ಕೆ ಬೀಳುತ್ತಿತ್ತು. ಇನ್ನೊಂದು, ಎಷ್ಟು ವರ್ಷ, ಯಾವ ತರಗತಿಗೆ ಎಂದು ಖಚಿತವಾಗಿ ಕೇಳಿದಳು. ಜೆಡಿ ತರಗತಿ ಹೆಚ್ಚಿನ ಕಡೆ ಆಗಸ್ಟ್‌ನಲ್ಲಿ ಮಾತ್ರ ಶುರುವಾಗುವುದರಿಂದ, ಎಂಎಸ್ ವಿದ್ಯಾರ್ಥಿಗಳು ಮಾಡುವ ಹಾಗೆ ಜನವರಿಗೆ ಮುಂದೂಡಿ ಎಂದು ಕೇಳಿ ಪ್ರಯೋಜನವಿಲ್ಲ. ಎರಡು ಮೂರು ವಾರ ತಡವಾಗಿ ಬರುತ್ತೇನೆ ಎಂಬುದೂ ನಡೆಯುವುದಿಲ್ಲ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠಪಟ್ಟಿ, ಕಾನೂನು ಬರವಣಿಗೆಯ ಮೊದಲ ಕೆಲಸಗಳು ಮೊದಲ ವಾರದಲ್ಲೇ ಶುರು.

ಬಂದ ಉತ್ತರ, ಕರಾರಿನ ಕಲಮುಗಳು

ಗುರುವಾರ ರಾತ್ರಿ 11.40ಕ್ಕೆ ಉತ್ತರ ಬಂತು. ವೇಟ್‌ಲಿಸ್ಟಿನವರಿಗೆ ಡೆಫರಲ್ ಕೊಡುವುದು ನಮ್ಮ ಪದ್ಧತಿಯಲ್ಲ, ಆದರೆ ವೀಸಾ ಕಾರಣಕ್ಕೆ ಷರತ್ತಿನ ಮೇಲೆ ಪರಿಗಣಿಸುತ್ತೇವೆ: ಜುಲೈ 14ರೊಳಗೆ 1,000 ಡಾಲರ್ ಡಿಪಾಸಿಟ್, ಬ್ಯಾಂಕಿನ ಪತ್ರ ಬಂದ ಕೂಡಲೇ ಐ-20 ಅರ್ಜಿ, ಆಗಸ್ಟ್ 4ರವರೆಗೆ ಸ್ಲಾಟಿಗೆ ನಿರಂತರ ಪ್ರಯತ್ನ, ಬೇರೆ ಸ್ಕೂಲುಗಳಿಂದ ಹಿಂದೆ ಸರಿಯುವುದು.

ಈ ಹೊತ್ತಿನಲ್ಲಿ ಮಾಡುವ ತಪ್ಪು ಎಲ್ಲಕ್ಕಿಂತ ದುಬಾರಿ. 'ಪರಿಗಣಿಸುತ್ತೇವೆ' ಎಂದರೆ ಕೊಡುತ್ತೇವೆ ಎಂದಲ್ಲ. ಆ ಮಾತು ನಂಬಿ ಕೈಲಿದ್ದ ಸೀಟು ಬಿಟ್ಟಿದ್ದರೆ ಆಗಸ್ಟ್ 5ಕ್ಕೆ ಎರಡೂ ಇಲ್ಲದೆ ನಿಲ್ಲುವ ಸಾಧ್ಯತೆ ಇತ್ತು. ಈಕೆ ಅದೇ ರಾತ್ರಿ ಎರಡು ಸಾಲು ಬರೆದಳು: ಮೇಲಿನ ಷರತ್ತುಗಳನ್ನು ಪೂರೈಸಿಯೂ ಆಗಸ್ಟ್ 4ರ ಹೊತ್ತಿಗೆ ವೀಸಾ ಆಗಿರದಿದ್ದರೆ 2026ಕ್ಕೆ ಮುಂದೂಡಿಕೆ ಖಚಿತ ಎಂದು ಅರ್ಥ ಮಾಡಿಕೊಳ್ಳಬಹುದೇ? ಆ ಖಾತ್ರಿ ಲಿಖಿತವಾಗಿ ಬಂದ ದಿನವೇ ಇನ್ನೊಂದು ಸ್ಕೂಲಿಗೆ ಸೀಟು ಬಿಡುವ ಪತ್ರ ಕಳಿಸುತ್ತೇನೆ. ಶುಕ್ರವಾರ ಸಂಜೆ, ಗಡುವಿಗೆ ಒಂದು ಗಂಟೆ ಮುಂಚೆ, ಹೌದು ಎಂಬ ಉತ್ತರ ಪ್ರವೇಶ ವಿಭಾಗದ ಮುಖ್ಯಸ್ಥರ ಹೆಸರಿನಿಂದಲೇ ಬಂತು. ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆಯಿಲ್ಲ ಎಂದಲ್ಲ, ಬೇಸಿಗೆಯಲ್ಲಿ ಕಚೇರಿಯವರೇ ಬದಲಾಗುತ್ತಾರೆ. ಮುಂದಿನ ವರ್ಷ ಕುರ್ಚಿಯಲ್ಲಿ ಕೂತವರ ಕೈಗೆ ಸಿಗುವುದು ಇಮೇಲು ಮಾತ್ರ.

ಕೈಲಿದ್ದ ಸ್ಕೂಲಿಗೆ ಆ ರಾತ್ರಿಯೇ ಪತ್ರ ಹೋಯಿತು. ಅಲ್ಲಿ ಕಟ್ಟಿದ್ದ 1,000 ಡಾಲರ್ ಡಿಪಾಸಿಟ್ ಕೈಬಿಟ್ಟಿತು, ಅದು ವಾಪಸ್ ಬರುವುದಿಲ್ಲ. ಎರಡೂ ಸೀಟು ಹಿಡಿದುಕೊಂಡು ನೋಡೋಣ ಎಂದುಕೊಳ್ಳುವವರಿಗೆ ಒಂದು ಮಾತು: ಮೇ ಮಧ್ಯದ ನಂತರ, ತಮಗೆ ಒಪ್ಪಿಗೆ ಕೊಟ್ಟವರು ಬೇರೆಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ ಎಂಬುದನ್ನು ಎಲ್‌ಸ್ಯಾಕ್ ವರದಿಯ ಮೂಲಕ ಸ್ಕೂಲುಗಳು ನೋಡಬಹುದು. ಅಲ್ಲದೆ ನೀವು ಬಿಡಬೇಕಾದ ಆ ಸೀಟಿಗೆ ಇನ್ನೊಬ್ಬರು ಇದೇ ಹೊತ್ತಿನಲ್ಲಿ ಫೋನು ಕಾಯುತ್ತಿರುತ್ತಾರೆ.

ಮುಂದಿನ ಮೂರು ವಾರ ದಾಖಲೆಗಳದ್ದೇ ಕೆಲಸ. ಪ್ರತಿ ಸೋಮವಾರ ಬೆಳಿಗ್ಗೆ ಸ್ಲಾಟಿನ ಪುಟದ ಚಿತ್ರ, ದಿನಾಂಕ ಗಂಟೆ ಕಾಣುವ ಹಾಗೆ. ಐ-20 ಜುಲೈ 30ಕ್ಕೆ ಬಂತು. ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ 350 ಡಾಲರನ್ನು ಕೈಲಿದ್ದ ಸ್ಕೂಲಿನ ಐ-20 ಮೇಲೆ ಆಗಲೇ ಕಟ್ಟಿದ್ದಳು. ಅದನ್ನು ಹೊಸ ಸೆವಿಸ್ ಸಂಖ್ಯೆಗೆ ವರ್ಗಾಯಿಸಲು ಕೇಳಬಹುದು, ಮತ್ತೆ ಕಟ್ಟಬೇಕಿಲ್ಲ. ತುರ್ತು ಸಂದರ್ಶನಕ್ಕೆ ಸಲ್ಲಿಸಿದ ಕೋರಿಕೆಯ ಪ್ರತಿಯನ್ನೂ ಸ್ಕೂಲಿಗೆ ಕಳಿಸಿದಳು. ಆಗಸ್ಟ್ 4 ಬಂತು, ಸ್ಲಾಟು ಬರಲಿಲ್ಲ. ಆಗಸ್ಟ್ 5ಕ್ಕೆ ಮುಂದೂಡಿಕೆಯ ಕರಾರು ಬಂತು.

ಒಂದೂವರೆ ಪುಟದ ಆ ಕಾಗದವನ್ನು ಸಹಿಗೆ ಮುಂಚೆ ನಿಧಾನವಾಗಿ ಓದಬೇಕು. 2026ರ ಆಗಸ್ಟ್‌ಗೆ ಮಾತ್ರ, ಎರಡನೇ ಮುಂದೂಡಿಕೆ ಇಲ್ಲ. ಡಿಪಾಸಿಟ್ ಯಾವ ಕಾರಣಕ್ಕೂ ವಾಪಸ್ ಇಲ್ಲ. ಈ ಅವಧಿಯಲ್ಲಿ ಬೇರೆ ಲಾ ಸ್ಕೂಲಿಗೆ ಅರ್ಜಿ ಹಾಕುವಂತಿಲ್ಲ, ಹಾಕಿದರೆ ಪ್ರವೇಶ ರದ್ದು. ಫೀಸು 2026ರ ದರದಲ್ಲಿ. ಸ್ಕಾಲರ್‌ಶಿಪ್ ಬಗ್ಗೆ ಕರಾರಿನಲ್ಲಿ ಒಂದಕ್ಷರವೂ ಇರಲಿಲ್ಲ. ಫೆಬ್ರವರಿ 1ರೊಳಗೆ ಬರುವ ಉದ್ದೇಶ ಖಚಿತಪಡಿಸಬೇಕು. ಪೊಲೀಸ್ ಪ್ರಕರಣ, ಶಿಸ್ತು ಕ್ರಮ, ಕೆಲಸದಿಂದ ತೆಗೆದದ್ದು ಏನೇ ಆದರೂ ತಿಳಿಸಬೇಕು.

ಸ್ಕಾಲರ್‌ಶಿಪ್ ಕಲಮು ಇಲ್ಲದಿರುವುದನ್ನು ನೋಡಿ ಈಕೆ ಸಹಿಗೆ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ವರ್ಷದ ಹೊಸ ವಿದ್ಯಾರ್ಥಿಗಳ ಜೊತೆ ನನ್ನನ್ನೂ ಪರಿಗಣಿಸುತ್ತೀರಾ? ಪರಿಗಣಿಸುತ್ತೇವೆ, ಫೆಬ್ರವರಿಯಲ್ಲಿ ಬರೆಯಿರಿ ಎಂಬ ಉತ್ತರ ಬಂತು. ಕೊಡುತ್ತೇವೆ ಎಂದು ಹೇಳಲಿಲ್ಲ, ಹೇಳುವ ಕಾರಣವೂ ಇರಲಿಲ್ಲ: ಬೇರೆಲ್ಲೂ ಹೋಗುವುದಿಲ್ಲವೆಂದು ಬರೆದುಕೊಟ್ಟವರ ಜೊತೆ ಚೌಕಾಸಿ ಮಾಡುವ ಅಗತ್ಯ ಸ್ಕೂಲಿಗೆ ಬೀಳುವುದಿಲ್ಲ. ಕಟ್ಟುಪಾಡಿನ ಡೆಫರಲ್‌ನ ನಿಜವಾದ ಬೆಲೆ ಇಲ್ಲಿದೆ, ಮತ್ತು ಎಷ್ಟೋ ಮಂದಿಗೆ ಇದು ಸಹಿ ಹಾಕಿದ ಮೇಲೆ ಅರಿವಾಗುತ್ತದೆ.

ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಕನ್ನಡ ಕುಟುಂಬಗಳ ಮಕ್ಕಳಿಗೆ 2025ರಿಂದ 2026ಕ್ಕೆ ಮುಂದೂಡುವುದರಲ್ಲಿ ಬೇರೆಯೇ ಒಂದು ಗುಂಡಿ ಇತ್ತು. ಜುಲೈ 4, 2025ರಂದು ಸಹಿಯಾದ ಕಾಯ್ದೆಯ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ, ಪೂರ್ತಿ ಖರ್ಚಿಗೆ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ. ವೃತ್ತಿಪದವಿಯವರಿಗೆ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್. 2025ರಲ್ಲೇ ಸೇರಿ ಸಾಲ ತೆಗೆದವರಿಗೆ ಹಳೆಯ ವ್ಯವಸ್ಥೆ ಕೆಲ ವರ್ಷ ಮುಂದುವರಿಯುತ್ತದೆ. 1,08,000 ಡಾಲರ್ ಖರ್ಚಿನ ಸ್ಕೂಲಿಗೆ ಒಂದು ವರ್ಷ ತಡವಾಗಿ ಹೋದರೆ ಉಳಿದ 58,000ಕ್ಕೆ ಖಾಸಗಿ ಸಾಲ ಹುಡುಕಬೇಕು. ಅಂಥವರಿಗೆ ಡೆಫರ್ ಮಾಡಬೇಡಿ ಎಂದೇ ಹೇಳುತ್ತಿದ್ದೆವು.

ನಡುವಿನ ವರ್ಷದ ಕೆಲಸ

ಈಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿದ್ದಳು. ಆಗಸ್ಟ್ 6ಕ್ಕೆ ಅದನ್ನು ಹಿಂಪಡೆಯಲು ಕೇಳಿ, ಒಪ್ಪಿಗೆ ಸಿಕ್ಕಿತು. ವೀಸಾ ಹಾಕಿಸಿಕೊಳ್ಳುವ ಮೊದಲೇ ಕೆಲಸ ಬಿಡುವುದು ವೇಟ್‌ಲಿಸ್ಟಿನಲ್ಲಿರುವವರಿಗೆ ಒಳ್ಳೆಯದಲ್ಲ. ಇಲ್ಲಿ ಅದೃಷ್ಟ ಕೈಹಿಡಿಯಿತು.

ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಬಂದಾಗ ಮನೆಯಲ್ಲಿ ಮತ್ತೆ ಲೆಕ್ಕದ ಪುಸ್ತಕ ತೆರೆಯಿತು. ಅಮೆರಿಕದೊಳಗೆ ವಿದ್ಯಾರ್ಥಿ ಸ್ಥಿತಿಯಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಅಕ್ಟೋಬರ್ 20ಕ್ಕೆ ಬಂತು. ಮುಂದೂಡಿದ ವರ್ಷದಲ್ಲಿ ಇಂಥದ್ದು ಎದುರಾಗುವುದು ಸಹಜ. ಫೆಬ್ರವರಿ 1ರ ಖಚಿತಪಡಿಸುವ ಪತ್ರಕ್ಕೆ ಮುಂಚೆ ಸಾಲ, ವೀಸಾ, ಕೆಲಸದ ಲೆಕ್ಕವನ್ನು ಹೊಸದಾಗಿ ಹಾಕಲು ಜನವರಿಯಲ್ಲಿ ಒಂದು ವಾರ ತೆಗೆದಿಡಬೇಕು. ಕಳೆದುಕೊಳ್ಳುವುದು 1,000 ಡಾಲರ್ ಮಾತ್ರ ಎಂಬ ಹಂತ ಅದೇ ಕೊನೆ.

ಬ್ಯಾಂಕಿನ ಮಂಜೂರಾತಿಗೆ ಸಾಮಾನ್ಯವಾಗಿ ಆರು ತಿಂಗಳ ಆಯುಸ್ಸು, ಹಾಗಾಗಿ ಜುಲೈ ಪತ್ರ ಜನವರಿಗೆ ಸತ್ತಿತು. ಮಾರ್ಚ್‌ನಲ್ಲಿ ಹೊಸ ಇಸಿ ತೆಗೆಸಿ ಮತ್ತೆ ಅರ್ಜಿ. ಸಾಲದ ಹಣ ಬ್ಯಾಂಕಿನಿಂದ ನೇರ ಹೋದರೆ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ) ಇಲ್ಲ. ಮನೆಯ ಹಣ ಕಳಿಸುವುದಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಅದು ಬೀಳುತ್ತದೆ, 2025–26ರಲ್ಲಿ ದರ ಶೇ 5 ಇತ್ತು. ಐ-20ಯನ್ನು ಹಳೆಯ ಸೆವಿಸ್ ಸಂಖ್ಯೆಯಲ್ಲೇ ದಿನಾಂಕ ಮುಂದೂಡಿ ಕೊಡಿ ಎಂದು ಸ್ಕೂಲಿನ ವಿದೇಶಿ ವಿದ್ಯಾರ್ಥಿ ಕಚೇರಿಗೆ ಮೊದಲೇ ಬರೆದರೆ 350 ಡಾಲರ್ ಉಳಿಯುತ್ತದೆ. ವೀಸಾ ಅರ್ಜಿ ಶುಲ್ಕ 185 ಡಾಲರ್ ರಸೀದಿಗೆ 365 ದಿನದ ಗಡುವು. 2025ರ ಏಪ್ರಿಲ್‌ನಲ್ಲಿ ಕಟ್ಟಿದ್ದರೆ 2026ರ ಏಪ್ರಿಲ್‌ನೊಳಗೆ ಸ್ಲಾಟು ಹಿಡಿಯದಿದ್ದಲ್ಲಿ ಮತ್ತೆ ಕಟ್ಟಬೇಕು. ಎಫ್-1 ವೀಸಾವನ್ನು ತರಗತಿ ಶುರುವಾಗುವ 365 ದಿನ ಮುಂಚಿನಿಂದಲೇ ಕೊಡಲು ಅವಕಾಶವಿದೆ, ದೇಶದೊಳಗೆ ಹೋಗುವುದು ಮಾತ್ರ 30 ದಿನ ಮುಂಚೆ. ಆದ್ದರಿಂದ ಐ-20 ಕೈಗೆ ಬಂದ ವಾರವೇ ವೀಸಾ ಅರ್ಜಿ ನಮೂನೆ ಡಿಎಸ್-160 ತುಂಬಿ, ಮೇ ತಿಂಗಳ ಸ್ಲಾಟಿಗೆ ಕೂರಬೇಕು. ಜುಲೈವರೆಗೆ ಬಿಟ್ಟರೆ ಹಿಂದಿನ ವರ್ಷದ ಅದೇ ಪುಟ, ಅದೇ ಖಾಲಿ ಕ್ಯಾಲೆಂಡರು, ಮತ್ತು ಈ ಸಲ ಕರಾರಿನಲ್ಲಿ ಎರಡನೇ ಮುಂದೂಡಿಕೆಗೆ ಜಾಗವಿಲ್ಲ.